ಅಪ್ಪನ ಹಲಗೆ, ನನ್ನ ಪೈಪು



ಮೊನ್ನೆ ಶಿರಾಳಕೊಪ್ಪದ ಸಂತೆಯಲ್ಲಿ ಒಬ್ಬ ಹುಡುಗ ಪ್ಲಾಸ್ಟಿಕ್ ಪೈಪಿನ ಗನ್ ಮಾರ್ತಾ ನಿಂತಿದ್ದ. "ಅಣ್ಣ, ಮಂಗ ಓಡ್ಸೋಕೆ ತಗಳ್ರಿ, ನೂರೈವತ್ತು ರೂಪಾಯಿ ಅಷ್ಟೇ" ಅಂದ. ಒಂದನ್ನ ಕೈಗೆ ತಗೊಂಡು ತಿರುಗಿಸಿ ನೋಡಿದೆ. ಸಲ್ಯೂಷನ್ ಹಚ್ಚಿದ ರೀತಿ, ಕ್ಯಾಪ್ ಕೂರಿಸಿದ ರೀತಿ, ಗ್ಯಾಸ್ ಲೈಟರ್ ಸಿಕ್ಕಿಸಿದ ಜಾಗ. ಈ ಪೈಪಿನ ಬಗ್ಗೆ ಆ ಹುಡುಗನಿಗಿಂತ ನನಗೇ ಜಾಸ್ತಿ ಗೊತ್ತು. ಯಾಕಂದ್ರೆ ಆರು ವರ್ಷ ನಾನೇ ಇದನ್ನ ಮಾಡಿದವನು, ಕೇರಿಗೆಲ್ಲ ಹಂಚಿದವನು.

ಇದನ್ನ ಇಷ್ಟು ದಿನ ಬರೆದಿರಲಿಲ್ಲ. ನಾಚಿಕೆ ಇತ್ತು. ಇವತ್ತು ಬರೀತೀನಿ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮದು ಶಿಕಾರಿಪುರ ತಾಲ್ಲೂಕು. ಕೇರಿಯಿಂದ ಒಂದೂವರೆ ಮೈಲಿ ಆಚೆ, ಕಾಡಿನ ಅಂಚಿಗೆ ಎರಡು ಎಕರೆ ಹತ್ತು ಗುಂಟೆ ಬಗರ್ ಹುಕುಂ ಜಮೀನು. ತಾತ ಕಡಿದು ಹಸನು ಮಾಡಿದ್ದು. ಅಪ್ಪ ಫಾರಂ 53 ಹಾಕಿದ, ನಾನು ಫಾರಂ 57 ಹಾಕಿದೆ. ಅರ್ಜಿ ಇನ್ನೂ ಅರ್ಜಿಯಾಗೇ ಇದೆ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು, ಅದರಲ್ಲೂ ನೋಡಿದ್ವಿ. ಬುಡಕಟ್ಟಿನವರಲ್ಲದ ನಮ್ಮಂಥವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೀವಿ ಅಂತ ದಾಖಲೆ ತೋರಿಸಬೇಕು. ತಾತನ ಹೆಸರು ಯಾವ ಕಾಗದದಲ್ಲಿದೆ? ಯಾರದ್ದೋ ಮನೆಯ ಜೀತದ ಲೆಕ್ಕದ ಪುಸ್ತಕದಲ್ಲಿ ಇದ್ದರೆ ಇರಬೇಕು.

ಆ ಜಮೀನಿಗೆ ಮೆಕ್ಕೆಜೋಳ ಹಾಕ್ತೀವಿ. ಮಳೆ ಹಿಡಿದ ಮೇಲೆ ಬಿತ್ತಿದರೆ ದೀಪಾವಳಿ ಹೊತ್ತಿಗೆ ಕೊಯ್ಲು. ತೆನೆಯಲ್ಲಿ ಹಾಲು ತುಂಬಿತು ಅಂದ್ರೆ ಹಗಲು ಮಂಗ, ರಾತ್ರಿ ಹಂದಿ. ಮಂಗ ತಿನ್ನೋದು ಒಂದು ತೆನೆ, ಕಿತ್ತು ಬಿಸಾಕೋದು ಹತ್ತು. ನಾಲ್ಕು ತಿಂಗಳ ಗೊಬ್ಬರದ ಸಾಲ ಒಂದು ಬೆಳಿಗ್ಗೆಯಲ್ಲಿ ನೆಲದ ಮೇಲೆ ಬಿದ್ದಿರುತ್ತೆ.

ನಮ್ಮ ಹೊಲಕ್ಕೆ ಹೊಂದಿಕೊಂಡು ಮೇಲುಗಡೆ ಊರಿನವರ ಅಡಿಕೆ ತೋಟ, ಅದರ ಕೆಳಗೆ ಅವರದೇ ಜೋಳದ ಹೊಲ. ಅವರ ಮನೆ ಗೋಡೆ ಮೇಲೆ ಲೈಸೆನ್ಸ್ ಕೋವಿ ತೂಗು ಹಾಕಿರುತ್ತೆ. 1959ರ ಆಯುಧ ಕಾಯ್ದೆಯಲ್ಲೇ ಬೆಳೆ ಕಾಯೋಕೆ ಅಂತ ಕೋವಿಗೆ ಲೈಸೆನ್ಸ್ ಕೊಡೋ ಅವಕಾಶ ಇದೆ. ಆದರೆ ಬೆಳೆ ನಿನ್ನದು ಅಂತ ತೋರಿಸೋಕೆ ಮೊದಲು ನೆಲ ನಿನ್ನದಾಗಿರಬೇಕಲ್ಲ. ಪಹಣಿ ಇಲ್ಲದವನಿಗೆ ಬೆಳೆ ಇದೆ ಅಂತಲೇ ಯಾರೂ ಒಪ್ಪಲ್ಲ, ಇನ್ನು ಕೋವಿ ಎಲ್ಲಿಂದ ಬಂತು?

ನಾನು ಚಿಕ್ಕವನಿದ್ದಾಗ ಆ ಮೇಲಿನ ಹೊಲ ಕಾಯ್ತಿದ್ದದ್ದು ನಮ್ಮಪ್ಪ. ಮಾಳ ಕಟ್ಟಿಕೊಂಡು, ರಾತ್ರಿಯಿಡೀ ಹಲಗೆ ಬಡೀತಾ ಕೂರ್ತಿದ್ದ. ಅದೇ ಹಲಗೆ ಊರ ಜಾತ್ರೆಗೆ, ಅದೇ ಹಲಗೆ ಊರಿನವರ ಹೆಣದ ಮುಂದೆ, ಅದೇ ಹಲಗೆ ಊರಿನವರ ಜೋಳಕ್ಕೆ. ಕೊಯ್ಲಾದ ಮೇಲೆ ಎರಡು ಚೀಲ ಜೋಳ ಕೊಡ್ತಿದ್ರು. ಅಷ್ಟೊತ್ತಿಗೆ ನಮ್ಮ ಹೊಲದಲ್ಲಿ ಅವ್ವ ಒಬ್ಬಳೇ ಡಬ್ಬ ಬಡೀತಾ, ಕೂಗ್ತಾ ಓಡಾಡ್ತಿದ್ಲು. ನಮ್ಮದು ಅರ್ಧ ಹೋಗಿರ್ತಿತ್ತು.

ಆಮೇಲೆ ಕೇರಿಗೆ ಸಂಘಟನೆ ಬಂತು. ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಸಂಸದ ಮಾತು ಹಳ್ಳಿ ಹಳ್ಳಿಗೆ ಮುಟ್ಟಿದ ಕಾಲ. ಒಂದು ರಾತ್ರಿ ಕೇರಿಯವರೆಲ್ಲ ಕೂತು, ಇನ್ನು ಊರಿಗೆ ಹಲಗೆ ಬಡಿಯೋದಿಲ್ಲ ಅಂತ ತೀರ್ಮಾನ ಮಾಡಿದ್ರು. ಅಪ್ಪ ಬಂದು ಹಲಗೆಯನ್ನ ಗೋಡೆ ಗೂಟಕ್ಕೆ ನೇತುಹಾಕಿದ. ಆ ವರ್ಷ ನಮಗೆ ಯಾರೂ ಕೂಲಿ ಕೊಡಲಿಲ್ಲ. ಹಲಗೆ ಮಾತ್ರ ಗೂಟದಿಂದ ಇಳೀಲಿಲ್ಲ.

ನಾನು ಐಟಿಐ ಮುಗಿಸಿ ಪ್ಲಂಬಿಂಗ್ ಕೆಲಸಕ್ಕೆ ಬಿದ್ದೆ. 2017ರಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ದೇಶದ ಹುಡುಗರು ಪಿವಿಸಿ ಪೈಪಿಗೆ ಆಲೂಗಡ್ಡೆ ತುರುಕಿ, ಹಿಂದುಗಡೆ ಗ್ಯಾಸ್ ಹೊಡೆದು, ಕಿಡಿ ಹಚ್ಚಿ ಹಾರಿಸ್ತಾ ಇದ್ರು. ಅವರಿಗೆ ಅದು ಆಟ. ನನಗೆ ನಮ್ಮ ಜೋಳದ ಹೊಲ ಕಣ್ಣಮುಂದೆ ಬಂತು. ನಾವೂ ಚಿಕ್ಕವರಿದ್ದಾಗ ಬಿದಿರಿನ ಪೆಟ್ಲು ಮಾಡ್ತಿದ್ವಲ್ಲ? ಕೊಳವೆಯ ಎರಡೂ ಕಡೆ ಹಸಿ ಕಾಯಿ ತುರುಕಿ ಕಡ್ಡಿಯಲ್ಲಿ ಒತ್ತಿದರೆ ಮುಂದಿನ ಕಾಯಿ 'ಟಪ್' ಅಂತ ಹಾರ್ತಿತ್ತು. ನಡುವೆ ಸಿಕ್ಕಿಕೊಂಡ ಗಾಳಿಗೆ ಜಾಗ ಸಾಲದೆ ಕಾಯಿಯನ್ನ ತಳ್ಳಿಕೊಂಡು ಹೊರಗೆ ಬರೋದು. ಇದೂ ಅದೇ ಲೆಕ್ಕ, ಕಡ್ಡಿಯ ಬದಲು ಬೆಂಕಿ.

ಕೆಲಸದಲ್ಲಿ ಉಳಿದ ಪೈಪು, ರೆಡ್ಯೂಸರ್, ಎಂಡ್ ಕ್ಯಾಪ್ ನನ್ನ ಹತ್ರ ಇದ್ದೇ ಇತ್ತು. ಮನೆ ಒಲೆಯ ಲೈಟರ್ ಬಿಚ್ಚಿದೆ. ಗ್ಯಾಸಿಗೆ ಅಂತ ಮೈಗೆ ಹಾಕೋ ಸೆಂಟಿನ ಡಬ್ಬಿ. ಎರಡು ದಿನ ಏನು ಮಾಡಿದರೂ ಹೊಡೀಲಿಲ್ಲ. ಹೊಡೀದಿದ್ದಕ್ಕೆ ಇನ್ನೂ ಜಾಸ್ತಿ ಗ್ಯಾಸ್ ಬಿಡ್ತಿದ್ದೆ. ಮೂರನೇ ದಿನ ಡಬ್ಬಿ ಖಾಲಿಯಾಗ್ತಾ ಬಂದು ಸ್ವಲ್ಪವೇ ಬಿದ್ದಾಗ 'ಢಂ' ಅಂತು! ಗ್ಯಾಸ್ ಜಾಸ್ತಿಯಾದ್ರೆ ಉರಿಯೋಕೆ ಗಾಳಿ ಇರಲ್ಲ, ಅಷ್ಟೇ ವಿಷಯ.

ಆಮೇಲೆ ಒಂದೊಂದೇ ತಿದ್ದಿದೆ. ಒಂದು ಸಲ ಹೊಡೆದ ಮೇಲೆ ಒಳಗೆ ಸುಟ್ಟ ಗಾಳಿ ಉಳಿದಿರುತ್ತೆ, ಅದನ್ನ ಹೊರಗೆ ಹಾಕದಿದ್ರೆ ಎರಡನೇ ಸಲ ಹೊತ್ತಲ್ಲ. ಆಲೂಗಡ್ಡೆ ಸಡಿಲ ಇದ್ರೆ ಸಂದಿಯಲ್ಲೇ ಗ್ಯಾಸ್ ಸೋರಿಹೋಗುತ್ತೆ. ಪೈಪಿನ ಬಾಯಿಯನ್ನ ಅರದಿಂದ ಉಜ್ಜಿ ಚೂಪು ಮಾಡಿದೆ, ಒತ್ತಿದರೆ ಆಲೂಗಡ್ಡೆ ತಾನೇ ಅಳತೆಗೆ ಕತ್ತರಿಸಿಕೊಂಡು ಬಿಗಿಯಾಗಿ ಕೂರೋ ಹಾಗೆ. ನಾಲ್ಕನೇ ಪೈಪಿನ ಹೊತ್ತಿಗೆ ಆಲೂಗಡ್ಡೆ ಹಳ್ಳ ದಾಟಿ ಬೀಳ್ತಿತ್ತು. ಕೇರಿಯ ಹುಡುಗರು ಹೆಜ್ಜೆ ಅಳೆದು "ಅಣ್ಣ, ನೂರಾ ನಲವತ್ತು!" ಅಂತ ಕೂಗ್ತಿದ್ರು. ಸುಳ್ಳು ಯಾಕೆ, ನನ್ನ ಜೀವನದಲ್ಲಿ ಅಷ್ಟು ಖುಷಿಪಟ್ಟ ದಿನ ಕಡಿಮೆ. ಊರಿನವರ ಮನೆ ಬಚ್ಚಲಿಗೆ ಪೈಪ್ ಹಾಕಿ, ಹಿತ್ತಲ ಬಾಗಿಲಲ್ಲಿ ನಿಂತು ದುಡ್ಡು ಇಸ್ಕೊಂಡು ಬರೋನು ನಾನು. ಅದೇ ಪೈಪಿನಲ್ಲಿ ನನ್ನದು ಅಂತ ಒಂದು ಮಾಡಿದ್ದೆ.

ಅವ್ವ ಮಾತ್ರ ಬೈತಿದ್ಲು. "ಸಂತೆಯಿಂದ ದುಡ್ಡು ಕೊಟ್ಟು ತಂದ ಆಲೂಗಡ್ಡೆ ಮಂಗಕ್ಕೆ ಎಸೀತೀಯಲ್ಲೋ, ಸಾರಿಗೆ ಹಾಕಿದ್ರೆ ಮನೆಮಂದಿಯೆಲ್ಲ ಉಣ್ತಿದ್ವಿ." ಅವಳ ಮಾತೇ ನಿಜ ಆಯ್ತು. ಒಂದು ವಾರಕ್ಕೆ ಮಂಗಗಳು ಬಿದ್ದ ಆಲೂಗಡ್ಡೆ ಹೆಕ್ಕಿ ತಿನ್ನೋಕೆ ಶುರು ಮಾಡಿದ್ವು. ಹಾಸನದ ಕಡೆಯಿಂದ ಲಾರಿಯಲ್ಲಿ ಬಂದ ಆಲೂಗಡ್ಡೆ, ನಮ್ಮ ಕಾಡಿನ ಮಂಗಕ್ಕೆ ಹೊಸ ರುಚಿ!

ಆಲೂಗಡ್ಡೆ ಬಿಟ್ಟೆ. ಬೇಕಾಗಿದ್ದು ಸದ್ದು ತಾನೇ? ಸೆಂಟಿನ ಡಬ್ಬಿ ದುಬಾರಿ ಅಂತ ಕಾರ್ಬೈಡಿಗೆ ಬಂದೆ. ಕಾರ್ಬೈಡ್ ಕಲ್ಲಿಗೆ ನೀರು ತಾಗಿದರೆ ಅಸಿಟಿಲಿನ್ ಗ್ಯಾಸ್ ಬರುತ್ತೆ, ವೆಲ್ಡಿಂಗಿನವರು ಕಬ್ಬಿಣ ಕತ್ತರಿಸೋಕೆ ಬಳಸೋ ಗ್ಯಾಸ್. ಕೊನೆಗೆ ಉಳಿಯೋದು ಸುಣ್ಣ. ಹಣ್ಣು ಮಾಗಿಸೋಕೆ ಅದನ್ನ ಬಳಸಬಾರದು ಅಂತ ಕಾನೂನಿದೆ, ಆದರೂ ಸಿಗುತ್ತೆ. ಸದ್ದು ಎಂಥದ್ದು ಅಂದ್ರೆ, ಮೊದಲ ದಿನ ಕಾಡಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ನಾನು ಇದನ್ನ ಸುಧಾರಣೆ ಅಂದುಕೊಂಡೆ.

ಪ್ಲಂಬರ್ ಆದ ನನಗೆ ಗೊತ್ತಿರಬೇಕಿತ್ತು. ಪೈಪಿನ ಮೇಲೆ ಬರೆದಿರೋ ಒತ್ತಡದ ಲೆಕ್ಕ ನೀರಿಗೆ. ನೀರಿನ ಪೈಪು ಬಿರುಕು ಬಿಟ್ಟರೆ ಸೋರುತ್ತೆ, ಗ್ಯಾಸಿನ ಪೈಪು ಬಿರುಕು ಬಿಟ್ಟರೆ ಸಿಡಿಯುತ್ತೆ. ಬಿಸಿಲಲ್ಲಿ ಒಣಗಿದ ಪಿವಿಸಿ ಗಾಜಿನ ಹಾಗೆ ಚೂರಾಗುತ್ತೆ. 2019ರಲ್ಲಿ ಒಂದು ಪೈಪಿನ ಹಿಂದಿನ ಕ್ಯಾಪ್ ಕಿತ್ತು, ನನ್ನ ಕಿವಿ ಪಕ್ಕದಲ್ಲೇ ಹಾದು ಹಲಸಿನ ಮರಕ್ಕೆ ಬಡಿಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾರನೇ ದಿನ ಕ್ಯಾಪಿಗೆ ಎರಡು ಸ್ಕ್ರೂ ಹಾಕಿದೆ.

ಈಗ ಮೇಲಿನ ತೋಟದ ವಿಷಯಕ್ಕೆ ಬರ್ತೀನಿ.

ಎರಡನೇ ವರ್ಷ ಆ ಯಜಮಾನ್ರು ಹೇಳಿ ಕಳಿಸಿದ್ರು. "ಏನೋ, ಭಾರಿ ಮಿಷನ್ ಮಾಡಿದ್ಯಂತೆ. ನಿಮ್ಮಪ್ಪ ಕಾಯ್ತಿದ್ದ ಹೊಲ ಅಲ್ವೇನೋ ಇದು, ನೀನೂ ಬಾ. ದಿನಕ್ಕೆ ಇನ್ನೂರು ಕೊಡ್ತೀನಿ." ಅವರ ಹತ್ರ ಕೋವಿ ಇತ್ತು, ನಿಜ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲಲ್ಲಿ ನಿಂತು ಹೊಡೆಯೋರು ಬೇಕಿತ್ತು. ನಾನು ಹೋದೆ ಗೆಳೆಯರೇ. ಎರಡು ಬೆಳೆ ಹೋದೆ. ಸಭೆಯಲ್ಲಿ ಬಾಬಾಸಾಹೇಬರ ಬಗ್ಗೆ ಭಾಷಣ ಮಾಡಿ, ಮಾರನೇ ದಿನ ಪೈಪು ಹೆಗಲಿಗೆ ಹಾಕ್ಕೊಂಡು ಅವರ ಹೊಲ ಕಾಯೋಕೆ ಹೋದೆ. ಅವರು ಮೂರು ಪೈಪು ಮಾಡಿಸಿಕೊಂಡ್ರು, ಅದಕ್ಕೂ ದುಡ್ಡು ತಗೊಂಡೆ.

ಒಂದು ಸಂಜೆ ಮನೆಗೆ ಬಂದಾಗ ಅಪ್ಪ ಜಗಲಿ ಮೇಲೆ ಕೂತಿದ್ದ. ಗೂಟದ ಹಲಗೆ ನೋಡಿದ, ನನ್ನ ಹೆಗಲ ಪೈಪು ನೋಡಿದ. "ನನ್ ಕೈಯಾಗಿನ ಹಲಗೆ ಬಿಡ್ಸೋಕೆ ಕೇರಿಗೆ ಕೇರಿನೇ ಕೂತಿತ್ತು. ನಿನ್ ಕೈಗೆ ಇದನ್ನ ಕೊಟ್ಟೋರು ಯಾರೋ?" ಅಂದ. ಉತ್ತರ ಇರಲಿಲ್ಲ. ಒಳಗೆ ಹೋಗಿ ಊಟ ಮಾಡಿದೆ.

ಅದರ ನಂತರದ ಏಪ್ರಿಲ್ 14. ಅಂಬೇಡ್ಕರ್ ಜಯಂತಿ. ಹುಡುಗರು ಬಾಬಾಸಾಹೇಬರ ಫೋಟೋ ಮುಂದೆ ನಿಂತು ಖುಷಿಗೆ ಪೈಪು ಮೂರು ಸಲ ಹೊಡೆದ್ರು. ಸಂಜೆಯೊಳಗೆ 'ಕೇರಿಯಲ್ಲಿ ಕೋವಿ ಇಟ್ಕೊಂಡವ್ರೆ' ಅಂತ ದೂರು ಹೋಗಿತ್ತು. ಮಾರನೇ ಬೆಳಿಗ್ಗೆ ಪೊಲೀಸಿನವರು ಇಬ್ಬರು ಬಂದು ಪೈಪು ತಗೊಂಡು ಹೋದ್ರು, ಹುಡುಗರನ್ನ ಮಧ್ಯಾಹ್ನದವರೆಗೆ ಕೂರಿಸಿಕೊಂಡ್ರು. ಅದೇ ಅಂಗಡಿಯ ಪೈಪು, ಅದೇ ಕೈಯ ಕೆಲಸ ಮೇಲಿನ ತೋಟದಲ್ಲಿ ಮೂರಿತ್ತು, ದಿನಾ ಹೊಡೀತಿತ್ತು. ಅದನ್ನ ಯಾರೂ ಕೇಳಲಿಲ್ಲ. ಅಲ್ಲಿಂದ ಬಂದರೆ ಬೆಳೆ ರಕ್ಷಣೆ, ಕೇರಿಯಿಂದ ಬಂದರೆ ಕೋವಿ. ಇದು ನಮಗೆ ಹೊಸದಲ್ಲ, ನೀವೆಲ್ಲ ನೋಡಿದ್ದೀರಿ.

ಆ ದಿನದಿಂದ ಮೇಲಿನ ಹೊಲಕ್ಕೆ ಹೋಗೋದು ಬಿಟ್ಟೆ. ಪೈಪು ಮಾಡೋದು ಬಿಡಲಿಲ್ಲ. ಈಗ ಅದು ಹಟ ಆಗಿತ್ತು. ಕೇರಿಯ ಪ್ರತಿ ಮನೆಗೂ ಒಂದು ಅಂತ ಮಾಡಿದೆ.

ಅಕ್ಕನನ್ನ ಕೊಟ್ಟಿರೋದು ಸೊರಬ ತಾಲ್ಲೂಕಿಗೆ, ಚಂದ್ರಗುತ್ತಿ ಕಡೆ. 1986ರಲ್ಲಿ ಅಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋದ ನಮ್ಮ ಕಾರ್ಯಕರ್ತರನ್ನ ಹೊಡೆದು, ಅವರನ್ನೇ ಬೆತ್ತಲೆ ಮಾಡಿದ್ರು. ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಆ ಸೇವೆ ನಿಂತಿತು. ಅಕ್ಕನ ಮನೆಯ ಹಿರಿಯರು ಇವತ್ತಿಗೂ ಆ ದಿನದ ಮಾತು ಬಂದರೆ ದನಿ ತಗ್ಗಿಸ್ತಾರೆ.

ಅಕ್ಕನ ಜೋಳಕ್ಕೂ ಮಂಗದ ಕಾಟ. ಪೈಪಿನ ಇನ್ನೊಂದು ಗುಟ್ಟು ಅಷ್ಟೊತ್ತಿಗೆ ನನಗೆ ಗೊತ್ತಾಗಿತ್ತು. ಮಂಗ ಎರಡು ವಾರಕ್ಕೆ ಸದ್ದಿಗೆ ಒಗ್ಗಿಹೋಗುತ್ತೆ. ಒಗ್ಗೋವರೆಗೆ ಅದು ಕಾಡಿಗೆ ವಾಪಸ್ ಹೋಗಲ್ಲ, ಪೈಪು ಇಲ್ಲದವನ ಹೊಲಕ್ಕೆ ಹೋಗುತ್ತೆ. ಪೈಪು ಇಲ್ಲದವನು ಯಾರು? ನಮಗಿಂತ ಬಡವ, ಇಲ್ಲಾ ಗಂಡ ಸತ್ತ ಹೆಂಗಸು. ನಾನು ಮಾಡ್ತಿದ್ದದ್ದು ಮಂಗ ಓಡಿಸೋ ಕೆಲಸ ಅಲ್ಲ, ಮಂಗ ಹಂಚೋ ಕೆಲಸ.

ಅದೂ ಎಂಥ ನೆಲದಲ್ಲಿ? ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಜನಕ್ಕೂ ಜ್ವರ ಬಂದು, ಆ ಕಾಯಿಲೆಗೆ ಜಗತ್ತೇ ಕ್ಯಾಸನೂರಿನ ಹೆಸರಿಟ್ಟಿದೆ. ಮಂಗ ಸತ್ತರೆ ಮೈಮೇಲಿನ ಉಣ್ಣೆ ಸುತ್ತಲಿನ ತರಗೆಲೆಗೆ ಇಳಿಯುತ್ತೆ. ಆ ತರಗೆಲೆ ಗುಡಿಸೋಕೆ, ಸೌದೆ ತರೋಕೆ ಕಾಡಿಗೆ ಹೋಗೋದು ನಮ್ಮ ಹೆಂಗಸರು, ನಮ್ಮ ಕೂಲಿಯವರು. 2018–19ರಲ್ಲಿ ಸಾಗರದ ಅರಳಗೋಡಿನಲ್ಲಿ ಏನಾಯ್ತು ಅಂತ ಜಿಲ್ಲೆಯವರು ಮರೆತಿಲ್ಲ. ಮಂಗದ ಸಮಸ್ಯೆ ಪೈಪಿನಲ್ಲಿ ಮುಗಿಯೋದಲ್ಲ ಅಂತ ಗೊತ್ತಿದ್ದೂ, ಅಕ್ಕ ಫೋನಲ್ಲಿ ಅತ್ತಳು ಅಂತ ಭಾವನ ಕೈಯಲ್ಲಿ ಬಸ್ಸಿಗೆ ಒಂದು ಪೈಪು ಕಳಿಸಿದೆ. ಹೇಗೆ ಬಳಸಬೇಕು ಅಂತ ಫೋನಲ್ಲೇ ಹೇಳಿದೆ.

2023ರ ದಸರಾ ರಜೆ. ಅಕ್ಕನ ಮಗ ಏಳನೇ ಕ್ಲಾಸು. ಭಾವ ಗದ್ದೆ ಕಡೆ ಹೋಗಿದ್ರು. ಹುಡುಗ ಪೈಪು ತಗೊಂಡು ಹೊಡೆಯೋಕೆ ನೋಡಿದ್ದಾನೆ, ಹೊತ್ತಿಲ್ಲ. ಎರಡು ಸಲ ಲೈಟರ್ ಒತ್ತಿದ್ದಾನೆ, ಹೊತ್ತಿಲ್ಲ. ಏನಾಯ್ತು ಅಂತ ಬಾಯಿಗೆ ಕಣ್ಣಿಟ್ಟು ಇಣುಕಿದ್ದಾನೆ. ಆಗ ಹೊಡೆದಿದೆ.

ಬಲಗಣ್ಣು. ಬೆಂಕಿಯ ಜೊತೆ ಕಾರ್ಬೈಡಿನ ಪುಡಿ, ಸುಣ್ಣ. ಸುಣ್ಣ ಕಣ್ಣಿಗೆ ಬಿದ್ದರೆ ಏನಾಗುತ್ತೆ ಅಂತ ಎಲೆಅಡಿಕೆ ಹಾಕೋ ಅಜ್ಜಿಗೂ ಗೊತ್ತು. ಯಾರೋ ಬೆಣ್ಣೆ ಹಚ್ಚಿ ಅಂದ್ರಂತೆ. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಓಡಿಬಂದು, ಬೆಣ್ಣೆ ತಟ್ಟಿಹಾಕಿ, ಕೊಡದ ಮೇಲೆ ಕೊಡ ನೀರು ಸುರಿದು ತೊಳೆದಿದ್ದಾರೆ. ಕಣ್ಣು ಅಷ್ಟಾದರೂ ಉಳಿದಿದ್ದು ಆ ತಾಯಿಯಿಂದ. ನಾನು ಬೈಕಲ್ಲಿ ಆಸ್ಪತ್ರೆ ಮುಟ್ಟಿದಾಗ ಅಕ್ಕ ಬೆಂಚಿನ ಮೇಲೆ ಕೂತಿದ್ಲು. ನನ್ನನ್ನ ಬೈಲಿಲ್ಲ. "ಊಟ ಆಯ್ತೇನೋ?" ಅಂದ್ಲು. ಅದೊಂದು ಮಾತು ಇನ್ನೂ ನಿದ್ದೆಗೆ ಬಿಡಲ್ಲ.

ಮೂರು ವಾರ ಆಸ್ಪತ್ರೆ. ಈಗ ಆ ಕಣ್ಣಿಗೆ ಬೆಳಕು ಕಾಣುತ್ತೆ, ಮನುಷ್ಯರ ಆಕಾರ ಕಾಣುತ್ತೆ, ಅಕ್ಷರ ಕಾಣಲ್ಲ. ಬೋರ್ಡಿನದ್ದು ಎಡಗಣ್ಣಲ್ಲೇ ಓದಬೇಕು, ಮುಂದಿನ ಬೆಂಚಲ್ಲಿ ಕೂರ್ತಾನೆ. ಫೋನ್ ಮಾಡಿದಾಗೆಲ್ಲ "ಮಾಮ, ತಪ್ಪು ನಂದೇ, ನಾನೇ ಇಣುಕಿದ್ದು" ಅಂತಾನೆ. ಹನ್ನೆರಡು ವರ್ಷದ ಹುಡುಗ ಪೈಪಿನೊಳಗೆ ಇಣುಕದೆ ಇನ್ನೇನು ಮಾಡ್ತಾನೆ? ತಪ್ಪು ಅವನದಲ್ಲ. ಕ್ಯಾಪ್ ಕಿತ್ತು ಹಾರಿದ ದಿನ ನಕ್ಕವನದ್ದು.

2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಸುದ್ದಿ ಓದಿದ್ರಲ್ಲ? ಭೋಪಾಲ್, ವಿದಿಶಾ ಕಡೆ ಇದೇ ಕಾರ್ಬೈಡ್ ಪೈಪು ಪಟಾಕಿ ಅಂತ ಮಾರಾಟವಾಗಿ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯ್ತು. ಹೆಚ್ಚಿನವರು ಮಕ್ಕಳು. ಅಲ್ಲೂ ಎಷ್ಟೋ ಮಕ್ಕಳು ಹೊತ್ತಲಿಲ್ಲ ಅಂತ ಇಣುಕಿದವರೇ. ಪೇಪರ್ ಓದುವಾಗ ನನ್ನ ಕೈ ನಡುಗ್ತಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಮನೆ ಮನೆಗೆ ಹೋಗಿ ಹನ್ನೊಂದು ಪೈಪು ವಾಪಸ್ ತಗೊಂಡೆ. ಆಕ್ಸಾ ಬ್ಲೇಡಿನಲ್ಲಿ ಒಂದೊಂದನ್ನೂ ಮೂರು ತುಂಡು ಮಾಡಿದೆ. ಮೇಲಿನ ತೋಟಕ್ಕೂ ಹೋದೆ, ಮೂರು ವರ್ಷದ ಮೇಲೆ. "ವಾಪಸ್ ಯಾಕೋ, ದುಡ್ಡು ಕೊಟ್ಟಿಲ್ವಾ?" ಅಂದ್ರು. ಹುಡುಗನ ಕಣ್ಣಿನ ವಿಷಯ ಹೇಳಿದೆ. "ನಮ್ಮ ಮಕ್ಕಳು ಅದನ್ನ ಮುಟ್ಟಲ್ಲ ಬಿಡು" ಅಂದ್ರು. ನಿಜವೇ. ಅವರ ಮಕ್ಕಳು ಮುಟ್ಟಲ್ಲ. ಈಗ ಅಲ್ಲಿ ಹೊಡೀತಿರೋದು ಪಕ್ಕದ ಹಳ್ಳಿಯ ಕೇರಿಯ ಹುಡುಗ.

ಈಗ ನಾವು ಏಳು ಮನೆಯವರು ಸರದಿ ಮಾಡಿಕೊಂಡಿದ್ದೀವಿ. ತೆನೆ ಹಾಲುಗಟ್ಟಿದ ದಿನದಿಂದ ಇಬ್ಬಿಬ್ಬರು, ಏಳೂ ಹೊಲಕ್ಕೆ ಒಟ್ಟಿಗೆ ಕಾವಲು. ಗಂಡ ಇಲ್ಲದ ಚಿಕ್ಕವ್ವನ ಹೊಲವೂ ಅದರಲ್ಲೇ ಬಂತು. ಅಪ್ಪನಿಗೆ ಎಪ್ಪತ್ತು ದಾಟಿದೆ, ಅವನೂ ಬರ್ತಾನೆ. ಎಣ್ಣೆ ಡಬ್ಬ ಬಡೀತಾನೆ. ಒಮ್ಮೆ ಹುಡುಗರು "ತಾತ, ಹಲಗೆ ತರ್ಲಾ? ನಮ್ಮ ಹೊಲಕ್ಕೆ ನಾವು ಬಡಿಯೋದು ತಾನೇ" ಅಂದ್ರು. ಅಪ್ಪ ಬೇಡ ಅಂದ. "ಅದರ ಸದ್ದು ಕೇಳಿದ್ರೆ ನಂಗೆ ಮೇಲಿನ ಹೊಲನೇ ಕಾಣ್ತೈತಿ." ಬೆಳೆ ಪೂರ್ತಿ ಉಳಿಯಲ್ಲ. ಮುಂಚೆಗಿಂತ ಜಾಸ್ತಿ ಹೋಗೋದೂ ಇಲ್ಲ.

ಸಂತೆಯ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಯಾವ ಊರು ಅಂತ ಕೇಳಿದೆ, ಹೇಳಿದ. ಊರಲ್ಲಿ ಎಲ್ಲಿ ಅಂತ ನಾನು ಕೇಳಲಿಲ್ಲ, ಕೇಳೋ ಅಗತ್ಯ ಇಬ್ಬರಿಗೂ ಇರಲಿಲ್ಲ. "ಅಣ್ಣ, ಇನ್ನು ಇಪ್ಪತ್ತು ಪೀಸ್ ಅದಾವೆ. ಸಾಲ ಮಾಡಿ ತಂದೀನಿ" ಅಂದ. ಅಷ್ಟು ಕೊಂಡುಕೊಳ್ಳೋ ದುಡ್ಡು ನನ್ನ ಹತ್ರ ಇರಲಿಲ್ಲ. ನನ್ನ ನಂಬರ್ ಕೊಟ್ಟು, ಪ್ಲಂಬಿಂಗ್ ಕೆಲಸಕ್ಕೆ ಬಾ, ಕಲಿಸ್ತೀನಿ ಅಂದು ಬಂದೆ. ಇನ್ನೂ ಫೋನ್ ಬಂದಿಲ್ಲ.

ಗೆಳೆಯರೇ, ಕೆಲವು ಮಾತು.

ನಿಮ್ಮ ಕೇರಿಯಲ್ಲಿ, ನಿಮ್ಮ ನೆಂಟರ ಮನೆಯಲ್ಲಿ ಈ ಪೈಪು ಇದ್ದರೆ ಇವತ್ತೇ ಕತ್ತರಿಸಿ ಹಾಕಿ. ಯಾರಿಗಾದರೂ ಕಣ್ಣಿಗೆ ಸಿಡಿದರೆ ಉಜ್ಜಬೇಡಿ, ಬೆಣ್ಣೆ ತುಪ್ಪ ಹಚ್ಚಬೇಡಿ. ಕಂಡ ಚೂರುಪುಡಿ ತೆಗೆದು, ಧಾರಾಳ ನೀರಲ್ಲಿ ಬಿಡದೆ ತೊಳೆದು, ಕೂಡಲೇ ಕಣ್ಣಿನ ಡಾಕ್ಟರ ಹತ್ರ ಕರೆದುಕೊಂಡು ಹೋಗಿ.

ಮತ್ತೊಂದು, ನಮ್ಮ ಸಂಘಟನೆಗಳಿಗೆ. ಕಾಡುಪ್ರಾಣಿ ಬೆಳೆ ತಿಂದರೆ ಪರಿಹಾರ ಅಂತ ಇದೆ. ನಾನು ಅರ್ಜಿ ಹಿಡಿದು ಹೋದಾಗ ಮೊದಲು ಕೇಳಿದ್ದು ಪಹಣಿ. ಪಹಣಿ ಇಲ್ಲದ ನೆಲದಲ್ಲಿ ಹಂದಿ ತಿಂದದ್ದು ಲೆಕ್ಕಕ್ಕೇ ಬರಲ್ಲ. ಬಗರ್ ಹುಕುಂ ಸಾಗುವಳಿದಾರರಿಗೆ, ಅರಣ್ಯ ಹಕ್ಕಿನ ಅರ್ಜಿ ಹಾಕಿದವರಿಗೆ, ಸ್ಥಳ ಮಹಜರಿನ ಮೇಲೆ ಬೆಳೆ ಪರಿಹಾರ ಕೊಡಬೇಕು ಅಂತ ನಾವು ಕೇಳಬೇಕು. ಭೂಮಿಯ ಹೋರಾಟ, ಮಂಗದ ಕಾಟ, ಮಗುವಿನ ಕಣ್ಣು, ಇವು ಬೇರೆ ಬೇರೆ ಅಲ್ಲ. ನೆಲದ ಕಾಗದ ನಮ್ಮ ಕೈಯಲ್ಲಿದ್ದಿದ್ದರೆ ಆ ಪೈಪು ಅಕ್ಕನ ಮನೆಗೆ ಹೋಗ್ತಾನೇ ಇರಲಿಲ್ಲ.

ಬರುವ ತಿಂಗಳು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಸಾಗುವಳಿದಾರರನ್ನ ಸೇರಿಸಿ ಅರ್ಜಿ ಬರೆಸೋ ಕೆಲಸ ಇಟ್ಟುಕೊಂಡಿದ್ದೀವಿ. ಬರೆಯೋಕೆ ಬರೋರು ಬೇಕು. ನಮ್ಮ ಹುಡುಗನೂ ಬರ್ತೀನಿ ಅಂದಿದ್ದಾನೆ. ಈಗ ಒಂಬತ್ತನೇ ಕ್ಲಾಸು ಮುಗೀತು. ಎಡಗಣ್ಣಿಗೆ ಹತ್ತಿರ ಹಿಡಿದು ಬರೀತಾನೆ, ಅಕ್ಷರ ಮಾತ್ರ ನನಗಿಂತ ದುಂಡಗೆ.

ಜೈಭೀಮ್.